ಸ್ಟೇಷನ್ನಿನ ಅಳುಮುಂಜಿ

ಆ ರೇಡಿಯೋ ಸ್ಟೇಷನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ನಾಟಕಗಳಲ್ಲಿ ಪಾತ್ರ ಮಾಡಿದವನಿಗೆ ಹೆಸರಿರಲಿಲ್ಲ. ಅವನು ಸಂಭಾವನೆ ಕೇಳಿದವನಲ್ಲ, ತಡವಾಗಿ ಬಂದವನಲ್ಲ, ಮಾತು ಮರೆತವನೂ ಅಲ್ಲ. ಮರೆಯಲು ಅವನಿಗೆ ಮಾತೇ ಇರಲಿಲ್ಲ. ಇದ್ದದ್ದು ಒಂದು ಅಳು ಮಾತ್ರ. ಸಣ್ಣಗೆ ಕೊಸರಿಕೊಂಡು ಶುರುವಾಗಿ, ನಡುವೆ ಒಮ್ಮೆ ಉಸಿರು ಕಟ್ಟಿ, ಆಮೇಲೆ ಸೂರು ಹಾರಿಹೋಗುವಂತೆ ಏರುವ ಹಸುಗೂಸಿನ ಅಳು. ಸಂಸಾರದ ನಾಟಕದಲ್ಲಿ ಬಾಣಂತಿಯ ಕೋಣೆಯಿಂದ ಅತ್ತವನು ಅವನೇ. ಹಾಸ್ಯ ನಾಟಕದಲ್ಲಿ ತುಂಬಿದ ಬಸ್ಸಿನೊಳಗೆ ಅತ್ತು ಕಂಡಕ್ಟರನ ತಲೆ ಕೆಡಿಸಿದವನು ಅವನೇ. ಸಾಬೂನಿನ ಜಾಹೀರಾತಿನಲ್ಲಿ ಸ್ನಾನಕ್ಕೆ ಮುಂಚೆ ಅತ್ತವನೂ ಅವನೇ. ಸ್ಟೇಷನ್ನಿನ ಮಂದಿ ಅವನಿಗೆ ಅಳುಮುಂಜಿ ಎಂದು ಹೆಸರಿಟ್ಟಿದ್ದರು.

"ನಮ್ಮ ಅಳುಮುಂಜಿಗೆ ಮೊಮ್ಮಕ್ಕಳಾಗೋ ವಯಸ್ಸು. ಇನ್ನೂ ಒಂದು ಹಲ್ಲು ಬಂದಿಲ್ಲ ನೋಡಿ" ಎಂದು ಒಬ್ಬರು ಅಂದರೆ, "ಹಲ್ಲು ಬಂದ್ರೆ ಸಂಬಳ ಕೇಳ್ತಾನೆ, ಬೇಡ ಬಿಡಿ" ಎಂದು ಇನ್ನೊಬ್ಬರು.

ಅಂಥ ಹಿರಿಯ ಕಲಾವಿದನನ್ನು ಎರಡು ವರ್ಷಗಳ ಹಿಂದೆ ಕೆಲಸದಿಂದ ತೆಗೆದುಹಾಕಿದವಳು ಜರಡಿ ಮೇಡಂ.

ಅವಳು ಸ್ಟೇಷನ್ನಿನ ಧ್ವನಿಸಂಗ್ರಹದ ಇಂಜಿನಿಯರ್. ಭೌತಶಾಸ್ತ್ರ ಓದಿ ಬಂದವಳು. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು, ಅವುಗಳಿಗೆ ಅಂಟಿಕೊಂಡ ಗೊರಗೊರ, ಚಟಪಟಗಳನ್ನೆಲ್ಲ ಸೋಸಿ ತೆಗೆಯುವುದು ಅವಳ ಕೆಲಸ. ಹಾಡುಗಾರರು ನಡುವೆ ಎಳೆದುಕೊಂಡ ಉಸಿರನ್ನೂ ಅವಳು ಬಿಡುವುದಿಲ್ಲ ಎಂದು ಆಡಿಕೊಳ್ಳುತ್ತಿದ್ದರು. ಜರಡಿ ಎಂಬ ಹೆಸರು ಬಿದ್ದದ್ದು ಹಾಗೆ. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿತವೂ ಆಗಿತ್ತು.

ನಾಟಕಕ್ಕೆ ಬೇಕಾದ ಸದ್ದುಗಳ ಎಫೆಕ್ಟ್ಸ್ ಕಪಾಟನ್ನು ಕಂಪ್ಯೂಟರಿಗೆ ಏರಿಸುವಾಗ 'ಮಗು' ಎಂಬ ಚೀಟಿ ಅಂಟಿಸಿದ ಡಬ್ಬಿ ಅವಳ ಮುಂದೆ ಬಂತು. ಮುಟ್ಟಿದರೆ ಟೇಪಿನಿಂದ ಕಂದು ಪುಡಿ ಉದುರುತ್ತಿತ್ತು. ಅಳುವಿನ ಹಿಂದೆ ಸುಯ್ಯೆಂಬ ಸದ್ದು. ತುದಿಯಲ್ಲಿ, ಟೇಪು ಕತ್ತರಿಸಿದ ಕಡೆ, ಯಾರೋ ಹೆಂಗಸಿನ ದನಿಯ ಚೂರು, ಒಂದು ಅಕ್ಷರವೂ ಪೂರ್ತಿಯಾಗದಷ್ಟು, ಸೋರಿಕೊಂಡಿತ್ತು. ಅವಳು 'ಹಿನ್ನೆಲೆ ಶುದ್ಧವಿಲ್ಲ' ಎಂದು ಷರಾ ಬರೆದು, ಹೊರಗಿನಿಂದ ತರಿಸಿದ್ದ ಹೊಸ ಸಂಗ್ರಹದಿಂದ ತೊಳೆದಿಟ್ಟಂಥ ಬೇರೆ ಮಗುವಿನ ಅಳುವನ್ನು ಆ ಜಾಗದಲ್ಲಿ ಕೂರಿಸಿದಳು. ಹಳೆಯ ಟೇಪು ರದ್ದಿಯ ಜೊತೆ ಹೋಯಿತು. ಹಳೆಯ ನಾಟಕಗಳ ಧ್ವನಿಮುದ್ರಣಗಳಲ್ಲಿ ಆ ಅಳು ಅಲ್ಲಲ್ಲಿ ಉಳಿದಿತ್ತು ನಿಜ. ಆದರೆ ಎಲ್ಲ ಕಡೆಯೂ ಯಾರದೋ ನಗು, ಯಾರದೋ ಮಾತಿನ ಅಡಿಯಲ್ಲಿ, ತುಂಡು ತುಂಡಾಗಿ.

"ಅಳುಮುಂಜಿಗೆ ಒಂದು ಬೀಳ್ಕೊಡುಗೆ ಸಮಾರಂಭನಾದ್ರೂ ಮಾಡ್ಬೇಕಿತ್ತು ಮೇಡಂ" ಎಂದು ನಾಟಕ ವಿಭಾಗದ ನಿರ್ಮಾಪಕ ಅಣಕಿಸಿದ್ದ.

"ಭಾಷಣ ನೀವು ಮಾಡೋದಾದ್ರೆ ಅವನೇ ಎದ್ದು ಅಳ್ತಾನೆ" ಎಂದು ಅವಳೂ ನಕ್ಕಿದ್ದಳು.

*

ಈಗ ಅದೇ ನಿರ್ಮಾಪಕ ಅವಳ ಬೆನ್ನು ಹತ್ತಿದ್ದ. ಹಳೆಯ ಅಪರೂಪದ ನಾಟಕಗಳ ಮರುಪ್ರಸಾರದ ಸರಣಿಯೊಂದನ್ನು ಅವನು ಶುರುಮಾಡಿದ್ದ. ಅದರಲ್ಲಿ 'ನೀರಿನ ಕೆಳಗಿನ ಊರು' ಇಲ್ಲದಿದ್ದರೆ ಸರಣಿಗೆ ಮುಖವೇ ಇಲ್ಲ ಎಂದು ಅವನ ವಾದ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರೊಂದರಿಂದ ಒಬ್ಬ ಗಡಿಯಾರ ರಿಪೇರಿಯವನಿಗೆ ಮಾತ್ರ ದನಿಗಳು ಕೇಳಿಸುವ ಕಥೆ ಅದು. ಒಂದೇ ಸಲ ಪ್ರಸಾರವಾಗಿ ಕಣ್ಮರೆಯಾಗಿತ್ತು. ಅದರಲ್ಲಿ ಯಾವ ವಾದ್ಯವೂ ಇರಲಿಲ್ಲ. ಪ್ರಸಾರದ ತಂತಿಗಳನ್ನು ಪರೀಕ್ಷಿಸಲು ಇಟ್ಟಿದ್ದ, ಒಂದೇ ಸ್ವರ ಹೊರಡಿಸುವ ಆಸಿಲೇಟರ್ ಪೆಟ್ಟಿಗೆಗಳಿಂದಲೂ ಕತ್ತರಿಸಿ ಅಂಟಿಸಿದ ಟೇಪಿನಿಂದಲೂ ಒಬ್ಬ ಇಂಜಿನಿಯರ್ ಅದರ ಸಂಗೀತವನ್ನೆಲ್ಲ ಹುಟ್ಟಿಸಿದ್ದ. ಕೇಳಿದವರು ಮೈ ಜುಮ್ಮೆಂದಿತು ಎನ್ನುತ್ತಿದ್ದರು.

ಆ ಇಂಜಿನಿಯರ್ ಜರಡಿಯ ಅಪ್ಪ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ನಾಟಕದ ನಂತರ ಅವನು ಸಂಗೀತದ ಕಡೆ ತಲೆ ಹಾಕಿರಲಿಲ್ಲ. ನಿವೃತ್ತಿಯವರೆಗೂ ವೈರು, ಫ್ಯೂಸು, ಟ್ರಾನ್ಸ್‌ಮಿಟರು ಅಷ್ಟೇ. ಆ ಮಾತು ತೆಗೆದರೆ "ಏನೋ ಕುಂಯ್ ಕುಂಯ್ ಮಾಡಿದ್ದೆ, ಬಿಡು" ಎಂದು ಎದ್ದು ಹೋಗುತ್ತಿದ್ದ. ಅಪ್ಪನ ತಲೆಯೊಳಗಿಂದ ಹೊರಗೆ ಬಂದದ್ದೆಂದರೆ ಅದೊಂದೇ. ಅದನ್ನು ಒಮ್ಮೆ ಕೇಳಬೇಕು, ಅಪ್ಪ ಏನಾಗಬಲ್ಲವನಾಗಿದ್ದ ಎಂದು ತಿಳಿಯಬೇಕು ಎಂಬುದು ಅವಳ ಆಸೆ. ಸರಣಿ ಒಂದು ನೆಪ.

ಮನೆಯಲ್ಲಿ ಈ ಹುಡುಕಾಟಕ್ಕೆ ಬೆಂಬಲವಿರಲಿಲ್ಲ.

"ಊರೇ ಮುಳುಗಿಹೋಯ್ತು ಅಂತಲ್ವಾ ಕಥೆ? ಮುಳುಗಿರ್ಲಿ ಬಿಡೇ" ಎಂದಳು ಅಮ್ಮ, ಬಟ್ಟೆ ಮಡಚುತ್ತ.

"ಅಪ್ಪ ಮಾಡಿದ್ದಲ್ವಾಮ್ಮ? ನಿಂಗೆ ಕೇಳ್ಬೇಕು ಅನ್ಸಲ್ವಾ?"

"ನಾನು ಆಗಲೇ ಕೇಳಿದ್ದೀನಿ."

"ಹೇಗಿತ್ತು?"

ಅಮ್ಮ ಒಂದು ದಿಂಬಿನ ಚೀಲವನ್ನು ಬೇಕಾದದ್ದಕ್ಕಿಂತ ಸಣ್ಣದಾಗಿ ಮಡಚಿದಳು. "ಚೆನ್ನಾಗಿತ್ತು" ಎಂದಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. "ಬಂದೆ ಬಂದೆ, ಬಂದ್ಬಿಟ್ಟೆ" ಎನ್ನುತ್ತ ಎದ್ದಳು. ಗಂಟೆ ಹೊಡೆದರೂ ಹಾಲು ಉಕ್ಕಿದರೂ ಅಮ್ಮ ಹೇಳುವುದು ಅದನ್ನೇ, ಒಂದೇ ರಾಗದಲ್ಲಿ, ಮೊದಲ 'ಬಂದೆ'ಯನ್ನು ಸ್ವಲ್ಪ ಎಳೆದು.

ಅಮ್ಮನ ಈ ನಿರಾಸಕ್ತಿ ಜರಡಿಗೆ ಅರ್ಥವಾಗಿರಲಿಲ್ಲ. ನಾಟಕವೆಂದರೆ ಅಮ್ಮನಿಗೆ ಪ್ರಾಣ. ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೋದಲ್ಲಿ ನಾಟಕ ಶುರುವಾದರೆ ಒಲೆ ಆರಿಸಿ ಕುರ್ಚಿ ಎಳೆದು ಕೂರುತ್ತಿದ್ದಳು. "ಇದೂ ಒಂದು ನಾಟಕವಾ, ಬರೆದವನ ಕೈಗೆ ಪೊರಕೆ ಕೊಡ್ಬೇಕು" ಎಂದು ಬೈಯುತ್ತಲೇ ಕೊನೆಯ ಹೆಸರು ಓದಿ ಮುಗಿಸುವವರೆಗೆ ಏಳುತ್ತಿರಲಿಲ್ಲ. ನಾಟಕದ ಹುಡುಗಿಗೆ ಮದುವೆಯಾದರೆ ಸಾಕು, "ಇವಳಿಗೆ ಬೇಗ ಒಂದು ಮಗು ಆಗ್ಬಾರ್ದಾ" ಎಂದು ಚಡಪಡಿಸುತ್ತಿದ್ದಳು. ಅಷ್ಟು ಹೊತ್ತಿಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿರುತ್ತಿದ್ದ. ಅವನು ದಿನವಿಡೀ ಅದನ್ನೇ ಕೇಳಿ ಬಂದವನು, ಬೇಸರವಿರಬೇಕು ಎಂದು ಮಗಳು ಅಂದುಕೊಂಡಿದ್ದಳು.

ಇತ್ತೀಚೆಗೆ ಅಮ್ಮ ರೇಡಿಯೋದ ಮೇಲೆ ಒಂದು ಬಟ್ಟೆ ಹೊದಿಸಿದ್ದಳು. ಕೇಳಿದರೆ, "ಈಗಿನ ನಾಟಕದಲ್ಲಿ ಜೀವ ಇಲ್ಲ ಕಣೇ" ಎಂದಿದ್ದಳು. ಆ ಮಾತು ಮಗಳಿಗೆ ಚುಚ್ಚಿತ್ತು. ಈಗಿನ ನಾಟಕಗಳಿಗೆ ಸದ್ದು ಹೊಂದಿಸುವವಳು ತಾನೇ ಅಲ್ಲವೇ?

*

ಹುಡುಕಲು ಜಾಗ ಉಳಿದಿರಲಿಲ್ಲ. ನಾಟಕಗಳ ಕಪಾಟು, ಬೇರೆ ಸ್ಟೇಷನ್ನುಗಳ ಉಗ್ರಾಣ, ಪಾತ್ರ ಮಾಡಿದವರಲ್ಲಿ ಬದುಕಿರುವವರ ಮನೆ, ಎಲ್ಲ ಮುಗಿದಿತ್ತು. ಕೊನೆಗೆ ಅವಳು ಗುಡುಗು ಮಾಮನ ಹತ್ತಿರ ಹೋದಳು.

ಗುಡುಗು ಮಾಮ ಅಪ್ಪನ ಕಾಲದ ಎಫೆಕ್ಟ್ಸ್ ಕಲಾವಿದ. ತಗಡಿನ ಹಾಳೆ ಅಲ್ಲಾಡಿಸಿ ಗುಡುಗು ಹುಟ್ಟಿಸುತ್ತಿದ್ದವನು. ಈಗ ಮಗನ ಮನೆಯ ಬಾಲ್ಕನಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರ ಹೆಜ್ಜೆ ಸಪ್ಪಳಕ್ಕೆ ಅಂಕ ಕೊಡುವುದು ಅವನ ಕೆಲಸ.

"ಬಾ ಮರಿ. ಚಪ್ಪಲಿ ಬದಲಾಯಿಸ್ಕೋ, ಹಿಮ್ಮಡಿ ಸವೆದಿದೆ. ಮೆಟ್ಟಿಲು ಹತ್ತುವಾಗಲೇ ಗೊತ್ತಾಯ್ತು."

"ಮಾಮ, 'ನೀರಿನ ಕೆಳಗಿನ ಊರು' ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ನೀನು ನಾಟಕ ಅಂತ ಹುಡುಕಿದ್ರೆ ಎಲ್ಲಿ ಸಿಗುತ್ತೆ? ಸದ್ದು ಅಂತ ಹುಡುಕು." ಮಾಮ ಕಾಲು ಮೇಲೆ ಕಾಲು ಹಾಕಿಕೊಂಡ. ಹೇಳಿಕೊಳ್ಳಲು ವಿಷಯ ಸಿಕ್ಕಿತ್ತು. "ಆಗ ಟೇಪಿಗೆ ಬರ. ಪ್ರಸಾರ ಆದ ನಾಟಕನ ಕೂತ್ಕೊಂಡು ಕೊಯ್ಯೋದೇ. ಮಾತಿರೋ ಟೇಪು ಅಳಿಸಿ ಮತ್ತೆ ಬಳಸೋಕೆ. ಒಳ್ಳೇ ಸದ್ದಿದ್ರೆ ಅದನ್ನ ಕತ್ತರಿಸಿ, ಅದರದರ ಡಬ್ಬಿಗೆ. ಬಾಗಿಲು ಬಾಗಿಲಿಗೆ, ನೀರು ನೀರಿಗೆ, ಭಯ ಭಯಕ್ಕೆ."

"ಭಯಕ್ಕೂ ಡಬ್ಬಿ ಇತ್ತಾ?"

"ಎರಡಿತ್ತು. ಸಣ್ಣ ಭಯ, ದೊಡ್ಡ ಭಯ. ನಮ್ಮ ಡೈರೆಕ್ಟರ್ ರೌಂಡ್ಸಿಗೆ ಬಂದಾಗ ದೊಡ್ಡದು." ಮಾಮ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಸ್ವಲ್ಪ ಗಂಭೀರನಾದ. "ಆದರೆ ಆ ನಾಟಕನ ನಾನು ಕೊಯ್ಲಿಲ್ಲ. ನಿಮ್ಮಪ್ಪನೇ ಕೇಳಿ ಇಸ್ಕೊಂಡು ಕೊಯ್ದ. ಬಾಗಿಲು ಹಾಕ್ಕೊಂಡು."

"ಯಾಕೆ?"

"ಅವನನ್ನೇ ಕೇಳ್ಬೇಕಿತ್ತು" ಎಂದು ಮಾಮ ರಸ್ತೆಯ ಕಡೆ ತಿರುಗಿದ. "ನೋಡು, ಇವನೊಬ್ಬ ಬಂದ, ಕಾಲೆಳೆಯೋನು. ಹತ್ತಕ್ಕೆ ಮೂರು."

*

ಸ್ಟೇಷನ್ನಿನ ನೆಲಮಾಳಿಗೆಯಲ್ಲಿ, ಇನ್ನೂ ಕಂಪ್ಯೂಟರಿಗೆ ಏರದ ಡಬ್ಬಿಗಳು ತಗಡಿನ ಸ್ಟ್ಯಾಂಡುಗಳ ಮೇಲೆ ಸಾಲಾಗಿದ್ದವು. 'ನೀರು' ಎಂಬ ಚೀಟಿಯ ಡಬ್ಬಿಗಳೇ ಒಂದು ಅಟ್ಟಣೆ ತುಂಬ. ನಲ್ಲಿ ನೀರು, ಬಾವಿ ನೀರು, ಕುದಿಯುವ ನೀರು. ಅವಳು ಹೆಸರು ನೋಡುವುದು ಬಿಟ್ಟು ಅಂಟು ನೋಡತೊಡಗಿದಳು. ಅಪ್ಪ ಟೇಪನ್ನು ಬೇರೆಯವರಂತೆ ಓರೆಯಾಗಿ ಕತ್ತರಿಸಿ ಸುಮ್ಮನಾಗುತ್ತಿರಲಿಲ್ಲ. ಅಂಟಿಸಿದ ಪಟ್ಟಿಯ ಎರಡು ಅಂಚನ್ನೂ ಬ್ಲೇಡಿನಿಂದ ಒಳಬಾಗುವಂತೆ ಒಂದೊಂದು ಕೂದಲೆಳೆ ಕೆತ್ತುತ್ತಿದ್ದ, ಯಂತ್ರದಲ್ಲಿ ಅಂಟು ಒಸರದಿರಲಿ ಎಂದು. ಸ್ಟೇಷನ್ನಿನಲ್ಲಿ ಅಷ್ಟು ತಾಳ್ಮೆ ಇದ್ದದ್ದು ಅವನೊಬ್ಬನಿಗೆ.

ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ, 'ನೀರು, ಆಳ' ಎಂದು ಬರೆದ ಡಬ್ಬಿಯಲ್ಲಿ ಆ ಕೆತ್ತನೆ ಕಾಣಿಸಿತು.

ಮೂಲೆಯಲ್ಲಿದ್ದ ಹಳೆಯ ಟೇಪು ಯಂತ್ರಕ್ಕೆ ಸುರುಳಿ ಏರಿಸಿ, ಗುಂಡಿ ಒತ್ತಿದಳು. ಮೊದಲು ಒಬ್ಬ ನಟನ ಅರ್ಧ ಮಾತು ಬಂತು. "...ಕೇಳಿಸ್ತಾ ಇದೆಯಾ ನಿನಗೆ?" ಗಡಿಯಾರದವನ ಪಾತ್ರ ಇರಬೇಕು. ಆಮೇಲೆ ಸಂಗೀತ.

ಅವಳ ತೋಳಿನ ರೋಮ ಎದ್ದು ನಿಂತಿತು. ತೀರ ಕೆಳಗಿನಿಂದ, ನೆಲದೊಳಗಿನಿಂದ ಎನ್ನುವಂತೆ, ಒಂದು ನರಳು ನಿಧಾನವಾಗಿ ಊದಿಕೊಳ್ಳುತ್ತಿತ್ತು. ಅದು ಯಂತ್ರದ ದನಿಯಲ್ಲ, ಮನುಷ್ಯನದೂ ಅಲ್ಲ. ಅಲೆಯಂತೆ ತಗ್ಗುತ್ತಿತ್ತು, ಒಂದು ಕಡೆ ಪೂರ್ತಿ ನಿಂತು ಮತ್ತೆ ಏಳುತ್ತಿತ್ತು. ಅದರ ಮೇಲೆ ಆಸಿಲೇಟರಿನ ಎರಡು ಸ್ವರಗಳು, ನೀರಿನ ಮೇಲಿನ ಬೆಳಕಿನಂತೆ ಹತ್ತಿರ ಬಂದು ದೂರ ಹೋಗುತ್ತಿದ್ದವು. ಎರಡು ನಿಮಿಷವೂ ಇರಲಿಲ್ಲ. ಮುಗಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಅಪ್ಪಾ, ಇದನ್ನು ಮಾಡಿದವನು ಆಮೇಲೆ ಹೇಗೆ ಬರೀ ಫ್ಯೂಸು ಹಾಕಿಕೊಂಡು ಇದ್ದುಬಿಟ್ಟೆ?

ಇನ್ನೊಮ್ಮೆ ಕೇಳಲೆಂದು ಟೇಪನ್ನು ಹಿಂದಕ್ಕೆ ಸುತ್ತಲು ಬಿಟ್ಟಳು.

ಸುತ್ತುವಾಗ ಟೇಪು ಸದ್ದು ಓದುವ ಹೆಡ್ಡಿಗೆ ತಾಗದಂತೆ ದೂರ ಹಿಡಿಯುವ ಸಣ್ಣ ಕಡ್ಡಿಯೊಂದು ಇಂಥ ಯಂತ್ರಗಳಲ್ಲಿ ಇರುತ್ತದೆ. ಇದರಲ್ಲಿ ಅದು ಮುರಿದಿತ್ತು. ಹೀಗಾಗಿ ಹಿಂದಕ್ಕೆ ಸುತ್ತುತ್ತಿದ್ದಂತೆ ಸದ್ದೂ ಹಿಂದುಮುಂದಾಗಿ ಕೇಳಿಸತೊಡಗಿತು. ಸುರುಳಿ ವೇಗ ಹಿಡಿದಂತೆ ನರಳು ಏರಿತು, ತೆಳ್ಳಗಾಯಿತು, ಇನ್ನೂ ಏರಿತು. ಒಂದು ಕ್ಷಣ, ಬರೀ ಒಂದು ಕ್ಷಣ, ಒಂದು ಮಗು ಅತ್ತಿತು. ಮರುಕ್ಷಣ ಅದು ಹಕ್ಕಿಯ ಚಿಲಿಪಿಲಿಯಾಗಿ ಹಾರಿಹೋಯಿತು.

ಅವಳ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

ಅವಳಿಗೆ ಆ ಅಳು ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ? ಉಸಿರು ಕಟ್ಟುವ ಆ ಜಾಗ! ಅಳುಮುಂಜಿ!

ಟೇಪನ್ನು ಮೇಲಿನ ಮಹಡಿಗೆ ಒಯ್ದು ಕಂಪ್ಯೂಟರಿಗೆ ಇಳಿಸಿದಳು. ಅಪ್ಪ ಮಾಡಿದ್ದು ಏನೆಂದು ಈಗ ಸ್ಪಷ್ಟವಿತ್ತು. ಅಳುವಿನ ವೇಗವನ್ನು ಅರ್ಧಕ್ಕೆ ಇಳಿಸಿ, ಅದನ್ನು ಮತ್ತೆ ಅರ್ಧಕ್ಕೆ ಇಳಿಸಿ, ತಿರುಗುಮುರುಗು ಮಾಡಿ, ಅದರ ಮೇಲೆ ತನ್ನ ಸ್ವರಗಳನ್ನು ಹಾಕಿದ್ದ. ಅವಳು ಅದನ್ನೇ ತಿರುವಿ ಹಾಕಿದಳು. ಹಿಂದಿನದನ್ನು ಮುಂದಕ್ಕೆ ತಂದಳು, ವೇಗವನ್ನು ನಾಲ್ಕರಷ್ಟು ಮಾಡಿದಳು. ಹೆಡ್‌ಫೋನ್ ಹಾಕಿಕೊಂಡಳು.

ಕೊಸರಾಟ. ಅಳು. ಉಸಿರು ಕಟ್ಟಿದ್ದು. ಮತ್ತೆ ಏರಿದ ಅಳು. ಕಪಾಟಿನ ಟೇಪು ಕತ್ತರಿಸಿ ನಿಂತಿದ್ದ ಜಾಗ ಬಂತು. ಇಲ್ಲಿ ಅದು ನಿಲ್ಲಲಿಲ್ಲ. ಅಳು ಮುಂದುವರಿಯಿತು, ಅದರ ಹಿಂದೆ ಹತ್ತಿರವಾಗುವ ಹೆಜ್ಜೆ ಸಪ್ಪಳ, ಬಳೆಗಳ ಸದ್ದು, ಆಮೇಲೆ ಒಬ್ಬ ಹೆಂಗಸಿನ ದನಿ, ಎಳೆಯದು, ಕಿಲಕಿಲ ನಗುವಿನ ಅಂಚಿನಲ್ಲಿರುವುದು:

"ಬಂದೆ ಬಂದೆ, ಬಂದ್ಬಿಟ್ಟೆ."

ಮೊದಲ 'ಬಂದೆ' ಸ್ವಲ್ಪ ಎಳೆದಿತ್ತು.

ಜರಡಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಕಿಟಕಿಯಾಚೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದಂತೆ. ಅಯ್ಯೋ, ಅಳುಮುಂಜಿ ನಾನೇ! ಇಷ್ಟು ವರ್ಷ ಬಸ್ಸಿನಲ್ಲಿ, ಬಾಣಂತಿಕೋಣೆಯಲ್ಲಿ, ಸಾಬೂನಿನ ಜಾಹೀರಾತಿನಲ್ಲಿ ಅತ್ತವಳು ನಾನು! ನನ್ನನ್ನು ನಾನೇ ಕೆಲಸದಿಂದ ತೆಗೆದು ರದ್ದಿಗೆ ಹಾಕಿದೆನಲ್ಲ!

ಫೋನು ತೆಗೆದು ಗುಡುಗು ಮಾಮನಿಗೆ ಹಚ್ಚಿದಳು.

"ಮಾಮ, ಅಳುಮುಂಜಿ ಯಾರು ಹೇಳಿ ನೋಡೋಣ? ನಾನು ಕಣ್ರೀ! ಅಪ್ಪ ನನ್ನ ಅಳುನ ರೆಕಾರ್ಡ್ ಮಾಡಿ ಊರು ಮುಳುಗಿಸಿದ್ದಾರೆ. ಅಮ್ಮನ ದನಿನೂ ಇದೆ. ನೀವು ಹೇಳ್ಲೇ ಇಲ್ಲ, ಕಳ್ಳ ಮಾಮ!"

ಆ ಕಡೆ ಬಾಲ್ಕನಿಯ ಬಾಗಿಲು ಮುಚ್ಚಿದ ಸದ್ದಾಯಿತು.

"ಮಾಮ?"

"ಮರಿ, ಆ ನಾಟಕ ಯಾವ ವರ್ಷದ್ದು?"

ಅವಳು ಹೇಳಲು ಬಾಯಿ ತೆರೆದಳು. ಆ ವರ್ಷವನ್ನು ಅವಳು ಎಷ್ಟು ಕಪಾಟುಗಳಲ್ಲಿ, ಎಷ್ಟು ಜನರ ಮುಂದೆ ಹೇಳಿ ಹುಡುಕಿದ್ದಳು! ಅದು ಅವಳು ಹುಟ್ಟುವುದಕ್ಕೆ ಮೂರು ವರ್ಷ ಹಿಂದಿನದು. ಲೆಕ್ಕವೇ ಉಸಿರಾಗಿದ್ದವಳು ಈ ಕೂಡು ಕಳೆಯನ್ನು ಮಾಡಿರಲಿಲ್ಲ. ತಾನು ಒಬ್ಬಳೇ ಮಗಳು ಎಂಬುದನ್ನು ಯಾರಾದರೂ ಕೂಡಿ ಕಳೆದು ನೋಡುತ್ತಾರೆಯೇ?

"ಹಾಗಾದ್ರೆ ಇದು ಯಾರು?" ಎಂದಳು.

"ನಿನ್ನ ಅಣ್ಣ" ಎಂದ ಮಾಮ. "ಐದಾರು ತಿಂಗಳ ಕೂಸು. ನಾಟಕ ಪ್ರಸಾರ ಆಗಿ ಸ್ವಲ್ಪ ದಿನಕ್ಕೆ ಜ್ವರ ಬಂತು, ಉಳೀಲಿಲ್ಲ. ನಾವೆಲ್ಲ ಬಂದಿದ್ವಿ ಮನೆಗೆ. ಮೊದಮೊದಲು ಆ ಟೇಪು ಬೇಕಾದ್ರೆ ಬೇರೆಯವರ ಕೈಲಿ ಹಾಕಿಸ್ತಿದ್ದೆ ಮರಿ. ಆಮೇಲೆ... ಆಮೇಲೆ ಅದೊಂದು ಟೇಪು ಆಗೋಯ್ತು. ಹೊಸಬರು ಬಂದ್ರು, ಹೆಸರಿಟ್ರು, ನಕ್ರು. ನಾನೂ ನಕ್ಕೆ."

*

ಮನೆಗೆ ಹೇಗೆ ಬಂದಳೋ ಅವಳಿಗೆ ಗೊತ್ತಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ, ಹೆಡ್‌ಫೋನ್ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಅದನ್ನು ಮತ್ತೆ ಯಾವಾಗ ಹಾಕಿಕೊಂಡಳು?

ಬಾಗಿಲ ಗಂಟೆ ಒತ್ತಿದಳು. ಒಳಗಿನಿಂದ ಬಂತು: "ಬಂದೆ ಬಂದೆ, ಬಂದ್ಬಿಟ್ಟೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನೇ ಇಷ್ಟು ಬೇಗ? ಮೈ ಸರಿಯಿಲ್ವಾ?" ಅಮ್ಮ ಹಣೆಯ ಮೇಲೆ ಕೈಯಿಟ್ಟಳು. "ತಣ್ಣಗಿದ್ದೀಯ."

ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಉದುರಿಹೋದವು. "ನನಗೊಬ್ಬ ಅಣ್ಣ ಇದ್ನಾ?" ಎಂದು ಕೇಳಿಬಿಟ್ಟಳು.

ಅಮ್ಮನ ಕೈ ಹಣೆಯ ಮೇಲೇ ಉಳಿಯಿತು. ಆಮೇಲೆ ಅವಳು ಒಳಗೆ ಹೋಗಿ, ಅಡುಗೆಮನೆಯ ಕುರ್ಚಿಯಲ್ಲಿ, ಬಟ್ಟೆ ಹೊದ್ದ ರೇಡಿಯೋದ ಎದುರಿಗೆ ಕೂತಳು.

"ಸಿಕ್ತಾ ನಾಟಕ?" ಎಂದಳು.

"ಸಂಗೀತ ಸಿಕ್ತು, 'ನೀರು, ಆಳ' ಅನ್ನೋ ಡಬ್ಬೀಲಿ. ಅದರೊಳಗೆ ಅವನು ಸಿಕ್ಕ."

"ನಿಮ್ಮಪ್ಪ ಅವನ ತೊಟ್ಟಿಲ ಹತ್ರ ಯಂತ್ರ ಇಟ್ಟಾಗ ನಾನು ಬೈದಿದ್ದೆ. ಮಗು ಅಳ್ತಾ ಇದ್ರೆ ಎತ್ಕೊಳ್ಳೋದು ಬಿಟ್ಟು ಇದೇನ್ರೀ ಅಂತ. ಅರ್ಧ ನಿಮಿಷ ತಡಿ, ಅರ್ಧ ನಿಮಿಷ ತಡಿ ಅಂದ್ರು. ನಾನು ಎಲ್ಲಿ ತಡೀಲಿ, ಬಂದ್ಬಿಟ್ಟೆ." ಅಮ್ಮ ಮಡಿಲಲ್ಲಿ ಕೈಗಳನ್ನು ಜೋಡಿಸಿಟ್ಟುಕೊಂಡಳು. "ನಾಟಕ ಬಂದಾಗ ಅವನನ್ನ ತೊಡೆ ಮೇಲೆ ಮಲಗಿಸ್ಕೊಂಡೇ ಕೇಳಿದ್ದು. ಜನ ಎಲ್ಲ ಹೆದರ್ಕೊಂಡ್ರಂತೆ. ಇವನು ನಿದ್ದೆ ಮಾಡ್ತಿದ್ದ."

"ಆಮೇಲೆ?"

"ಆಮೇಲೆ ಅವನು ಹೋದ. ನನ್ನ ಮಗನ ದನಿನ ನಾನೇ ದೆವ್ವದ ದನಿ ಮಾಡ್ಬಿಟ್ಟೆ ಅಂತ ನಿಮ್ಮಪ್ಪನ ತಲೇಲಿ ಕೂತ್ಬಿಡ್ತು. ನಾಟಕನ ಇಸ್ಕೊಂಡು ಚೂರು ಚೂರು ಮಾಡಿದ್ರು. ಕಪಾಟಲ್ಲಿರೋ ಅಳುನೂ ತೆಗೆದು ಸುಟ್ಟು ಹಾಕ್ತೀನಿ ಅಂದ್ರು. ನಾನೇ ಬೇಡ ಅಂದೆ."

"ಯಾಕಮ್ಮ?"

"ಮನೇಲಿ ಅವನ ಹೆಸರು ಎತ್ತೋ ಹಾಗಿಲ್ಲ. ಎತ್ತಿದ್ರೆ ನಿಮ್ಮಪ್ಪ ಊಟ ಬಿಡೋರು. ನೀನು ಹುಟ್ಟಿದ ಮೇಲಂತೂ, ನಿನ್ನ ಮುಖದಲ್ಲಿ ಅವನನ್ನ ಹುಡುಕ್ಬಾರ್ದು ಅಂತ ಇಬ್ರೂ ಒಪ್ಕೊಂಡ್ವಿ. ಹಾಗಾದ್ರೆ ಅವನು ಎಲ್ಲಿರ್ಬೇಕು? ಇರ್ಲಿ ಬಿಡ್ರೀ, ಅಲ್ಲೇ ಒಂದು ಕೆಲಸ ಮಾಡ್ಕೊಂಡಿರ್ಲಿ ಅಂದೆ." ಅಮ್ಮ ಸಣ್ಣಗೆ ನಕ್ಕಳು. "ಬೇರೆಯವರ ಮಕ್ಕಳು ಸ್ಕೂಲಿಗೆ ಹೋದ್ರು. ನನ್ನ ಮಗ ನಾಟಕಕ್ಕೆ ಹೋದ. ಯಾವಾಗ ಬರ್ತಾನೆ ಅಂತ ಹೇಳೋಕಾಗಲ್ಲ. ತಿಂಗಳುಗಟ್ಟಲೆ ಬರ್ತಿರ್ಲಿಲ್ಲ. ಇದ್ದಕ್ಕಿದ್ದಂತೆ ಒಂದು ದಿನ, ಯಾರೋ ಬಾಡಿಗೆ ಮನೆ ಜಗಳ ಆಡ್ತಿರೋವಾಗ ಒಳಗಿಂದ ಅಳ್ತಿದ್ದ. ಜಗಳ ಏನಾಯ್ತೋ ನಂಗೆ ಗೊತ್ತಿಲ್ಲ. ಎಂಥೆಂಥ ಕೆಟ್ಟ ನಾಟಕ ಕೇಳ್ಸಿದ ಕಣೇ ಅವನು!"

ಬೀದಿಯಲ್ಲಿ ತರಕಾರಿಯವನು ಕೂಗುತ್ತಿದ್ದ. ಅಮ್ಮ ರೇಡಿಯೋದ ಬಟ್ಟೆಯ ಅಂಚನ್ನು ಸರಿಪಡಿಸಿದಳು.

"ಎರಡು ವರ್ಷದಿಂದ ಬರ್ಲಿಲ್ಲ. ಮೊನ್ನೆ ಮೊನ್ನೆ ಒಂದು ನಾಟಕದಲ್ಲಿ ಮಗು ಹುಟ್ತು. ಎದೆ ಹಿಡ್ಕೊಂಡು ಕೂತಿದ್ದೆ. ಯಾರೋ ಬೇರೆ ಮಗು. ಚೆನ್ನಾಗೇ ಅಳ್ತು ಪಾಪ. ಇವನು ರಿಟೈರ್ ಆದ ಅಂದ್ಕೊಂಡೆ. ವಯಸ್ಸಾಯ್ತಲ್ವಾ."

ಮಗಳಿಗೆ ತಾನು ಬರೆದ ಷರಾ ಕಣ್ಣ ಮುಂದೆ ನಿಂತಿತು. ಹಿನ್ನೆಲೆ ಶುದ್ಧವಿಲ್ಲ. ಟೇಪಿನ ತುದಿಯಲ್ಲಿ ಸೋರಿಕೊಂಡಿದ್ದ ಆ ಚೂರು, ಒಂದು ಅಕ್ಷರವೂ ಪೂರ್ತಿಯಾಗದಷ್ಟು. ಅದು ಅಮ್ಮ ಬರುತ್ತಿದ್ದದ್ದು.

"ಅಮ್ಮ, ಅವನು ರಿಟೈರ್ ಆಗಿಲ್ಲ. ನಾನು ತೆಗೆದೆ" ಎಂದಳು. "ಟೇಪು ಹಾಳಾಗಿತ್ತು, ಹಿಂದೆ ಯಾರದೋ ದನಿ ಇತ್ತು, ಅಂತ. ಆ ಟೇಪು ಈಗ ಇಲ್ಲ."

ಅಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುರುತು ಸಿಗದವರನ್ನು ನೋಡುವಂತೆ ನೋಡಿದಳು. ಆಮೇಲೆ ಎದ್ದು, ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದು ಒಂದೊಂದಾಗಿ ತೊಳೆದಳು. ಮಗಳು ಅಲ್ಲೇ ನಿಂತಿದ್ದಳು. ಕೂರಲು ಧೈರ್ಯವಾಗಲಿಲ್ಲ, ಹೋಗಲೂ ಆಗಲಿಲ್ಲ.

"ಆಳದ ನೀರಲ್ಲಿ ಇದ್ದಾನೆ ಅಂದೆಯಲ್ಲ" ಎಂದಳು ಅಮ್ಮ ಕೊನೆಗೆ, ಬೆನ್ನು ತಿರುಗಿಸಿಕೊಂಡೇ. "ಅಲ್ಲಿಂದ ತೆಗೆಯೋಕೆ ಆಗುತ್ತಾ?"

"ತೆಗೆದಿದ್ದೀನಿ."

"ಸೋಸಿಬಿಟ್ಟಿಯಾ?"

"ಇಲ್ಲ. ಏನೂ ಮುಟ್ಟಿಲ್ಲ. ಅಪ್ಪನ ಸ್ವರಗಳೂ ಹಾಗೇ ಇವೆ. ವೇಗ ಹೆಚ್ಚಿಸಿದಾಗ ಅವು ಶಿಳ್ಳೆ ಥರ ಕೇಳಿಸ್ತವೆ."

ಅಮ್ಮ ನಲ್ಲಿ ನಿಲ್ಲಿಸಿದಳು. "ಹಾಕು" ಎಂದಳು. "ಮೊದಲು ನಿಮ್ಮಪ್ಪನದು. ಆಮೇಲೆ ಅವನದು. ಅದು ಮುಗಿದ ಮೇಲೆ ಅವನನ್ನ ವಾಪಸ್ ಕೆಲಸಕ್ಕೆ ಕಳಿಸು."

ಮಗಳು ಫೋನನ್ನು ಮೇಜಿನ ಮೇಲಿಟ್ಟು, ಸಣ್ಣ ಸ್ಪೀಕರಿಗೆ ಜೋಡಿಸಿದಳು. ಎರಡು ಸಲ ತಂತಿ ತಪ್ಪಿತು. ಅಮ್ಮ ಒದ್ದೆ ಕೈ ಒರೆಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಳು, ನಾಟಕ ಕೇಳುವಂತೆ.

ಆಳದ ನೀರು ಬಂತು. ನರಳು ಊದಿಕೊಂಡು ಅಡುಗೆಮನೆ ತುಂಬಿತು, ಲೋಟಗಳು ಸಣ್ಣಗೆ ಅದುರಿದವು. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. "ಇದು ದೆವ್ವ ಅಲ್ಲ ಕಣ್ರೀ" ಎಂದು ಒಮ್ಮೆ ಮೆಲ್ಲಗೆ ಹೇಳಿದಳು, ಅಲ್ಲಿಲ್ಲದವನಿಗೆ. ಮುಗಿಯಿತು.

ಮಗಳು ಎರಡನೆಯದನ್ನು ಒತ್ತಿದಳು.

ಎಲ್ಲೋ ದೂರದಲ್ಲಿ ಶಿಳ್ಳೆ. ಕೊಸರಾಟ. ಅಳು. ಉಸಿರು ಕಟ್ಟಿತು. ಮಗಳು ತಾನೂ ಉಸಿರು ಹಿಡಿದಳು. ಅಳು ಏರಿತು, ಎಂದೂ ಕತ್ತರಿಸಿ ನಿಲ್ಲಿಸುತ್ತಿದ್ದ ಜಾಗವನ್ನು ದಾಟಿತು. ಅವಳು ಹೆಜ್ಜೆ ಸಪ್ಪಳಕ್ಕೆ ಕಾದಳು, ಬಳೆಯ ಸದ್ದಿಗೆ ಕಾದಳು.

ಕುರ್ಚಿ ಹಿಂದಕ್ಕೆ ಸರಿದು ನೆಲ ಕೆರೆದ ಸದ್ದಾಯಿತು.

ಟೇಪಿನೊಳಗಿನ ಆ ಹುಡುಗಿ ಇನ್ನೂ ಹೊರಟಿರಲಿಲ್ಲ. ಅಮ್ಮ ಆಗಲೇ ಎದ್ದು ನಿಂತಿದ್ದಳು.